ಹೊಸ ಖನಿಜವೆಂದು ಸಾಬೀತುಪಡಿಸುವುದು ಹೇಗೆ? ಆರ್ಮಾಲ್ಕೊಲೈಟ್ ಕಲಿಸುವ ಪಾಠ

ಪ್ರತಿ ವರ್ಷ ರಜೆ ಮುಗಿದು ಕಾಲೇಜು ತೆರೆದಾಗ ಒಬ್ಬಿಬ್ಬರು ವಿದ್ಯಾರ್ಥಿಗಳು ಕೈಯಲ್ಲೊಂದು ಕಲ್ಲು ಹಿಡಿದು ನನ್ನ ಕೊಠಡಿಗೆ ಬರುತ್ತಾರೆ. "ಸರ್, ಇದು ಸಂಡೂರಿನ ಕಡೆ ಸಿಕ್ಕಿತು. ಕಪ್ಪಗಿದೆ, ಭಾರವಾಗಿದೆ, ಪುಸ್ತಕದ ಯಾವ ಚಿತ್ರಕ್ಕೂ ಹೋಲುತ್ತಿಲ್ಲ. ಹೊಸ ಖನಿಜವಿರಬಹುದೇ?" ಎಂದು ಕೇಳುತ್ತಾರೆ. ಹೊಳಪು ಹಚ್ಚದ ಪಿಂಗಾಣಿ ಬಿಲ್ಲೆಯ ಮೇಲೆ ಆ ಕಲ್ಲನ್ನು ಉಜ್ಜಿ ನೋಡುತ್ತೇವೆ. ಕೆಂಪು ಗೆರೆ ಬಿದ್ದರೆ ಹೆಮಟೈಟ್, ಕಪ್ಪು ಗೆರೆ ಬಿದ್ದರೆ ಮ್ಯಾಗ್ನೆಟೈಟ್ ಅಥವಾ ಮ್ಯಾಂಗನೀಸ್‌ನ ಯಾವುದೋ ಆಕ್ಸೈಡ್ ಇರಬಹುದೆಂದು ಊಹಿಸುತ್ತೇವೆ. ವಿದ್ಯಾರ್ಥಿಯ ಮುಖ ಬಾಡುತ್ತದೆ. ಆದರೆ ಅವರ ಪ್ರಶ್ನೆ ಬಾಡುವಂಥದಲ್ಲ. ಒಂದು ಖನಿಜ ನಿಜವಾಗಿಯೂ ಹೊಸದೆಂದು ಜಗತ್ತು ಒಪ್ಪಬೇಕಾದರೆ ಏನೇನು ತೋರಿಸಬೇಕು? ಯಾರಿಗೆ ತೋರಿಸಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ನಿಜವಾದ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡುವುದೇ ಒಳ್ಳೆಯ ದಾರಿ. ಅಂಥ ಉದಾಹರಣೆಯಾಗಿ ಆರ್ಮಾಲ್ಕೊಲೈಟ್ ಎಂಬ ಆಕ್ಸೈಡ್ ಖನಿಜವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಇದು ಮೊದಲು ಪತ್ತೆಯಾದದ್ದು ಭೂಮಿಯ ಕಲ್ಲಿನಲ್ಲಲ್ಲ, 1969ರಲ್ಲಿ ಚಂದ್ರನಿಂದ ತಂದ ಕಲ್ಲಿನಲ್ಲಿ.

ಖನಿಜ ಪ್ರಭೇದ ಎಂದರೇನು?

ಜೀವವಿಜ್ಞಾನದಲ್ಲಿ ಸಸ್ಯ, ಪ್ರಾಣಿಗಳ ಪ್ರಭೇದಗಳಿರುವಂತೆ ಖನಿಜ ವಿಜ್ಞಾನದಲ್ಲಿಯೂ ಪ್ರಭೇದಗಳಿವೆ. ಇಲ್ಲಿ ಪ್ರಭೇದವನ್ನು ನಿರ್ಧರಿಸುವುದು ಎರಡು ಸಂಗತಿಗಳು. ಒಂದು, ರಾಸಾಯನಿಕ ಸಂಯೋಜನೆ, ಅಂದರೆ ಯಾವ ಯಾವ ಧಾತುಗಳು ಯಾವ ಪ್ರಮಾಣದಲ್ಲಿವೆ ಎಂಬುದು. ಇನ್ನೊಂದು, ಸ್ಫಟಿಕ ರಚನೆ, ಅಂದರೆ ಆ ಧಾತುಗಳ ಪರಮಾಣುಗಳು ಯಾವ ಕ್ರಮದಲ್ಲಿ ಜೋಡಣೆಯಾಗಿವೆ ಎಂಬುದು. ಬಣ್ಣ, ಗಡಸುತನ, ಸಾಂದ್ರತೆ, ಹೊಳಪು ಮೊದಲಾದ ಗುಣಗಳೆಲ್ಲ ಈ ಎರಡರ ಪರಿಣಾಮಗಳು.

ಎರಡರಲ್ಲಿ ಒಂದು ಮಾತ್ರ ಗೊತ್ತಿದ್ದರೆ ಸಾಲದು. ವಜ್ರ ಮತ್ತು ಗ್ರಾಫೈಟ್ ಎರಡೂ ಕಾರ್ಬನ್ ಎಂಬ ಉದಾಹರಣೆಯನ್ನು ನೀವು ತರಗತಿಯಲ್ಲಿ ಹೇಳಿಯೇ ಇರುತ್ತೀರಿ. ಆಕ್ಸೈಡ್‌ಗಳಲ್ಲಿಯೂ ಇಂಥ ಉದಾಹರಣೆ ಇದೆ. ಒಂದು ಟೈಟೇನಿಯಂ ಪರಮಾಣುವಿಗೆ ಎರಡು ಆಕ್ಸಿಜನ್ ಇರುವ ಟೈಟೇನಿಯಂ ಡೈ ಆಕ್ಸೈಡ್ ನಿಸರ್ಗದಲ್ಲಿ ರೂಟೈಲ್, ಅನಟೇಸ್, ಬ್ರೂಕೈಟ್ ಎಂಬ ಬೇರೆ ಬೇರೆ ಖನಿಜಗಳಾಗಿ ಸಿಗುತ್ತದೆ. ಮೂರರ ರಾಸಾಯನಿಕ ವಿಶ್ಲೇಷಣೆಯೂ ಒಂದೇ ಉತ್ತರ ಕೊಡುತ್ತದೆ. ಪರಮಾಣುಗಳ ಜೋಡಣೆ ಬೇರೆಯಾದ್ದರಿಂದ ಅವು ಮೂರು ಪ್ರಭೇದಗಳು.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ರಚನೆ ಒಂದೇ ಇದ್ದು, ಒಂದು ಧಾತುವಿನ ಸ್ಥಾನದಲ್ಲಿ ಮತ್ತೊಂದು ಧಾತು ಕೂರಬಹುದು. ಗಾತ್ರ ಮತ್ತು ವಿದ್ಯುದಾವೇಶ ಹೊಂದುವ ಅಯಾನುಗಳ ನಡುವೆ ಹೀಗಾಗುವುದು ಸಾಮಾನ್ಯ. ಎರಡು ಧನ ಆವೇಶವುಳ್ಳ ಕಬ್ಬಿಣ ಮತ್ತು ಮೆಗ್ನೀಸಿಯಂ ಅಯಾನುಗಳು ಇಂಥ ಜೋಡಿ. ಇವುಗಳ ಮಿಶ್ರಣವನ್ನು ಘನ ದ್ರಾವಣ ಎನ್ನುತ್ತೇವೆ. ಈ ಜೋಡಿ ಮುಂದೆ ನಮ್ಮ ಕಥೆಯಲ್ಲಿ ಬರುತ್ತದೆ.

ಒಂದು ಹೆಸರು ಉಳಿಯಿತು, ಒಂದು ಅಳಿಯಿತು

ರಚನೆ ತಿಳಿಯದೆ ಹೆಸರಿಟ್ಟರೆ ಏನಾಗಬಹುದು ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನವಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಲೂಯಿಸ್ ಲೀ ಫರ್ಮರ್ ಅವರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ದೇಶದ ಮ್ಯಾಂಗನೀಸ್ ನಿಕ್ಷೇಪಗಳನ್ನು ಸುತ್ತಿ ಅಧ್ಯಯನ ಮಾಡಿದರು. 1909ರಲ್ಲಿ ಪ್ರಕಟವಾದ ಅವರ ಬೃಹತ್ ವರದಿಯಲ್ಲಿ ನಮ್ಮ ಸಂಡೂರಿನ ನಿಕ್ಷೇಪಗಳ ವಿವರವೂ ಇದೆ. ಈ ಅವಧಿಯಲ್ಲಿ ಅವರು ಕೆಲವು ಮ್ಯಾಂಗನೀಸ್ ಆಕ್ಸೈಡ್‌ಗಳನ್ನು ಹೊಸ ಖನಿಜಗಳೆಂದು ಗುರುತಿಸಿ ಹೆಸರಿಟ್ಟರು.

ಅವುಗಳಲ್ಲಿ ಎರಡನ್ನು ನೋಡೋಣ. ಮಧ್ಯಪ್ರದೇಶದ ಝಾಬುವಾ ಪ್ರದೇಶದ ಕಾಜಲಿ ಡೋಂಗ್ರಿ ಗಣಿಯಲ್ಲಿ ಸಿಕ್ಕ ಬೇರಿಯಂಯುಕ್ತ ಮ್ಯಾಂಗನೀಸ್ ಆಕ್ಸೈಡಿಗೆ ಇಲಾಖೆಯ ನಿರ್ದೇಶಕರಾಗಿದ್ದ ಥಾಮಸ್ ಹಾಲೆಂಡ್ ಅವರ ಹೆಸರಿನಿಂದ ಹಾಲೆಂಡೈಟ್ ಎಂದು ಕರೆದರು. ಛಿಂದವಾಡಾ ಜಿಲ್ಲೆಯ ಸೀತಾಪಾರದಲ್ಲಿ ಸಿಕ್ಕ ಇನ್ನೊಂದಕ್ಕೆ ಸೀತಾಪಾರೈಟ್ ಎಂದು ಹೆಸರಿಟ್ಟರು. ಹಾಲೆಂಡೈಟ್ ಇಂದಿಗೂ ಉಳಿದಿದೆ. ಅದರ ಹೆಸರಿನಲ್ಲಿ ಖನಿಜಗಳ ಒಂದು ದೊಡ್ಡ ಕುಟುಂಬವೇ ಇದೆ. ಸೀತಾಪಾರೈಟ್ ಮಾತ್ರ ಪಟ್ಟಿಯಿಂದ ಹೊರಬಿದ್ದಿತು. ಎಕ್ಸ್-ಕಿರಣಗಳಿಂದ ಪರೀಕ್ಷಿಸಿದಾಗ ಅದು ಅಮೆರಿಕದ ಯೂಟಾ ಪ್ರಾಂತದಿಂದ 1897ರಲ್ಲಿಯೇ ವರದಿಯಾಗಿದ್ದ ಬಿಕ್ಸ್‌ಬೈಟ್ ಎಂದು ತಿಳಿದುಬಂದಿತು.

ಫರ್ಮರ್ ಅಜಾಗರೂಕರಾಗಿರಲಿಲ್ಲ. ಅವರ ಕೈಯಲ್ಲಿ ರಾಸಾಯನಿಕ ವಿಶ್ಲೇಷಣೆ ಇತ್ತು, ಹರಳಿನ ಹೊರ ಆಕಾರ ಇತ್ತು. ಒಳ ರಚನೆಯನ್ನು ನೋಡುವ ಸಾಧನ ಇರಲಿಲ್ಲ. ಹರಳುಗಳಿಂದ ಎಕ್ಸ್-ಕಿರಣಗಳ ವಿವರ್ತನೆ ಪತ್ತೆಯಾದದ್ದೇ 1912ರಲ್ಲಿ. ಒಂದೇ ಬಗೆಯ ಪುರಾವೆಯನ್ನು ನೆಚ್ಚಿಕೊಂಡರೆ ಪ್ರಾಮಾಣಿಕ ವಿಜ್ಞಾನಿಯೂ ತಪ್ಪಬಹುದು ಎಂಬುದೇ ಇಲ್ಲಿನ ಪಾಠ. ಈ ಪಾಠ ಕಲಿತ ಮೇಲೆ ಖನಿಜ ವಿಜ್ಞಾನ ಹೇಗೆ ಕೆಲಸ ಮಾಡಿತು ಎಂಬುದನ್ನು ಈಗ ಚಂದ್ರನ ಕಲ್ಲಿನಲ್ಲಿ ನೋಡೋಣ.

ಚಂದ್ರನ ಕಲ್ಲು ಪ್ರಯೋಗಾಲಯಕ್ಕೆ

1969ರ ಜುಲೈ 20ರಂದು ಅಪೊಲೊ 11ರ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಎಡ್ವಿನ್ ಆಲ್ಡ್ರಿನ್ 'ಪ್ರಶಾಂತತೆಯ ಸಾಗರ' ಎಂದು ಕರೆಯಲಾಗುವ ಚಂದ್ರನ ಬಯಲಿನಲ್ಲಿ ಇಳಿದರು. ಮೈಕೆಲ್ ಕಾಲಿನ್ಸ್ ಚಂದ್ರನ ಸುತ್ತ ಕಕ್ಷೆಯಲ್ಲಿದ್ದರು. ಅವರು ತಂದ ಕಲ್ಲು ಮತ್ತು ಮಣ್ಣಿನ ಒಟ್ಟು ತೂಕ ಸುಮಾರು 21.5 ಕಿಲೋಗ್ರಾಂ. ಅದನ್ನು ಸಣ್ಣ ಸಣ್ಣ ಪಾಲುಗಳಾಗಿ ಮಾಡಿ ನೂರಕ್ಕೂ ಹೆಚ್ಚು ಸಂಶೋಧಕರ ಗುಂಪುಗಳಿಗೆ ಹಂಚಲಾಯಿತು. 1970ರ ಜನವರಿಯಲ್ಲಿ ಹ್ಯೂಸ್ಟನ್ ನಗರದಲ್ಲಿ ಎಲ್ಲರೂ ಸೇರಿ ತಮ್ಮ ಫಲಿತಾಂಶಗಳನ್ನು ಮಂಡಿಸಿದರು.

ಆ ಕಲ್ಲುಗಳಲ್ಲಿ ಹಲವು ಬಸಾಲ್ಟ್‌ಗಳು, ಅಂದರೆ ಲಾವಾ ಹರಿದು ಗಟ್ಟಿಯಾದ ಕಪ್ಪು ಶಿಲೆಗಳು. ಅವುಗಳ ವಯಸ್ಸು 350 ಕೋಟಿ ವರ್ಷಗಳಿಗೂ ಹೆಚ್ಚು. ಭೂಮಿಯ ಸಾಮಾನ್ಯ ಬಸಾಲ್ಟ್‌ಗಳಲ್ಲಿ ಟೈಟೇನಿಯಂ ಡೈ ಆಕ್ಸೈಡ್ ತೂಕದ ಪ್ರತಿಶತ 1ರಿಂದ 3ರಷ್ಟಿದ್ದರೆ ಇವುಗಳಲ್ಲಿ ಪ್ರತಿಶತ 10ರ ಆಸುಪಾಸಿನಲ್ಲಿತ್ತು. ಆದ್ದರಿಂದ ಕಬ್ಬಿಣ ಮತ್ತು ಟೈಟೇನಿಯಂ ಕೂಡಿದ ಇಲ್ಮನೈಟ್ ಎಂಬ ಆಕ್ಸೈಡ್ ಹೇರಳವಾಗಿರುವುದು ಆಶ್ಚರ್ಯವಲ್ಲ. ಇಲ್ಮನೈಟ್‌ನಲ್ಲಿ ಒಂದು ಕಬ್ಬಿಣ, ಒಂದು ಟೈಟೇನಿಯಂ, ಮೂರು ಆಕ್ಸಿಜನ್ ಇರುತ್ತವೆ. ನಮ್ಮ ಕೇರಳದ ಕಡಲ ತೀರದ ಕಪ್ಪು ಮರಳಿನಲ್ಲಿರುವುದೂ ಇದೇ ಖನಿಜ.

ಮೊದಲ ಸುಳಿವು: ಬೆಳಕು

ಆಕ್ಸೈಡ್ ಅದಿರುಗಳಲ್ಲಿ ಹೆಚ್ಚಿನವು ಅಪಾರದರ್ಶಕ. ಎಷ್ಟು ತೆಳ್ಳಗೆ ಕೊಯ್ದರೂ ಬೆಳಕು ಹಾದುಹೋಗುವುದಿಲ್ಲ. ಆದ್ದರಿಂದ ಕಲ್ಲಿನ ತುಣುಕನ್ನು ಕನ್ನಡಿಯಂತೆ ನುಣುಪಾಗಿ ಉಜ್ಜಿ, ಮೇಲಿನಿಂದ ಬೆಳಕು ಬಿಟ್ಟು, ಪ್ರತಿಫಲಿತ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡಬೇಕು. ಹಾಗೆ ನೋಡಿದಾಗ ಕೆಲವು ಇಲ್ಮನೈಟ್ ಕಣಗಳ ನಡುವೆ ಬೇರೆ ಛಾಯೆಯ ಬೂದು ಬಣ್ಣದ ತಿರುಳು ಕಂಡಿತು. ಇಲ್ಮನೈಟ್ ಅದರ ಸುತ್ತ ಸಿಪ್ಪೆಯಂತೆ ಆವರಿಸಿತ್ತು. ಧ್ರುವೀಕೃತ ಬೆಳಕಿನಲ್ಲಿ ತುಣುಕನ್ನು ತಿರುಗಿಸಿದಾಗ ತಿರುಳು ಮತ್ತು ಸಿಪ್ಪೆ ಬೇರೆ ಬೇರೆ ರೀತಿ ವರ್ತಿಸಿದವು.

ಈ ತಿರುಳಿನ ಅಳತೆ ಮಿಲಿಮೀಟರಿನ ಹತ್ತನೆಯ ಒಂದರಷ್ಟು, ಹೆಚ್ಚೆಂದರೆ ಅದರ ಎರಡು ಮೂರು ಪಟ್ಟು. ಬಣ್ಣದ ವ್ಯತ್ಯಾಸ ಸುಳಿವು ಮಾತ್ರ, ಸಾಕ್ಷ್ಯವಲ್ಲ. ಕಲ್ಮಶದಿಂದಲೂ ಬಣ್ಣ ಬದಲಾಗಬಹುದು. ಇಷ್ಟು ಚಿಕ್ಕ ಕಣವನ್ನು ಆಮ್ಲದಲ್ಲಿ ಕರಗಿಸಿ ವಿಶ್ಲೇಷಿಸುವಂತೆಯೂ ಇರಲಿಲ್ಲ, ಏಕೆಂದರೆ ಸಿಪ್ಪೆಯೂ ಜೊತೆಗೆ ಕರಗುತ್ತದೆ.

ಎರಡನೆಯ ಸಾಕ್ಷ್ಯ: ಎಲೆಕ್ಟ್ರಾನ್ ಕಿರಣ

ಇಲ್ಲಿ ಸಹಾಯಕ್ಕೆ ಬಂದದ್ದು ಎಲೆಕ್ಟ್ರಾನ್ ಮೈಕ್ರೋಪ್ರೋಬ್. ಫ್ರಾನ್ಸಿನ ರೇಮಂಡ್ ಕಾಸ್ಟೇನ್ 1951ರ ವೇಳೆಗೆ ರೂಪಿಸಿದ ಉಪಕರಣವಿದು. ಸುಮಾರು ಒಂದು ಮೈಕ್ರೋಮೀಟರ್ ಅಗಲಕ್ಕೆ ಕೂಡಿಸಿದ ಎಲೆಕ್ಟ್ರಾನ್ ಕಿರಣವನ್ನು ಕಣದ ಮೇಲೆ ಬಿಟ್ಟರೆ ಅಲ್ಲಿನ ಪರಮಾಣುಗಳ ಒಳಕವಚದ ಎಲೆಕ್ಟ್ರಾನುಗಳು ಹೊರದೂಡಲ್ಪಡುತ್ತವೆ. ಖಾಲಿಯಾದ ಜಾಗಕ್ಕೆ ಹೊರಕವಚದ ಎಲೆಕ್ಟ್ರಾನ್ ಇಳಿಯುವಾಗ ಎಕ್ಸ್-ಕಿರಣ ಹೊರಬರುತ್ತದೆ. ಅದರ ತರಂಗದೂರ ಆ ಧಾತುವಿನ ಪರಮಾಣು ಸಂಖ್ಯೆಯನ್ನು ಅವಲಂಬಿಸಿದೆ ಎಂಬುದನ್ನು ಮೋಸ್ಲಿ 1913ರಲ್ಲಿಯೇ ತೋರಿಸಿದ್ದರು. ತರಂಗದೂರ ನೋಡಿ ಧಾತು ಯಾವುದೆಂದು, ತೀವ್ರತೆ ಅಳೆದು ಅದು ಎಷ್ಟಿದೆಯೆಂದು ತಿಳಿಯಬಹುದು. ಕಣ ಹಾಳಾಗುವುದಿಲ್ಲ, ಸುತ್ತಲಿನ ಸಿಪ್ಪೆಯೂ ಅಡ್ಡಬರುವುದಿಲ್ಲ.

ತಿರುಳಿನಲ್ಲಿ ಮುಖ್ಯವಾಗಿ ಟೈಟೇನಿಯಂ, ಕಬ್ಬಿಣ, ಮೆಗ್ನೀಸಿಯಂ ಇರುವುದು ಕಂಡಿತು. ಸ್ವಲ್ಪ ಅಲ್ಯೂಮಿನಿಯಂ ಮತ್ತು ಕ್ರೋಮಿಯಂ ಸಹ ಇದ್ದವು. ಇಲ್ಮನೈಟ್‌ನಲ್ಲಿ ಟೈಟೇನಿಯಂ ಡೈ ಆಕ್ಸೈಡಿನ ಪಾಲು ಪ್ರತಿಶತ 52.7. ಇಲ್ಲಿ ಅದು 70ನ್ನೂ ಮೀರಿತ್ತು. ಇದನ್ನು ಕಲ್ಮಶವೆಂದು ತಳ್ಳಿಹಾಕಲಾಗದು.

ಶೇಕಡಾವಾರು ಅಂಕಿಗಳಿಂದ ರಾಸಾಯನಿಕ ಸೂತ್ರ ಪಡೆಯುವುದನ್ನು ನಿಮ್ಮ ವಿದ್ಯಾರ್ಥಿಗಳೂ ಮಾಡಬಲ್ಲರು. ಲೆಕ್ಕ ಸುಲಭವಾಗಲೆಂದು ಅಲ್ಯೂಮಿನಿಯಂ, ಕ್ರೋಮಿಯಂ ಬಿಟ್ಟು ಆದರ್ಶ ಸಂಯೋಜನೆಯನ್ನೇ ತೆಗೆದುಕೊಳ್ಳೋಣ. 100 ಗ್ರಾಂ ಖನಿಜದಲ್ಲಿ ಟೈಟೇನಿಯಂ ಡೈ ಆಕ್ಸೈಡ್ 74.0 ಗ್ರಾಂ, ಕಬ್ಬಿಣದ ಮಾನಾಕ್ಸೈಡ್ 16.7 ಗ್ರಾಂ, ಮೆಗ್ನೀಸಿಯಂ ಆಕ್ಸೈಡ್ 9.3 ಗ್ರಾಂ ಇರಲಿ. ಇವುಗಳನ್ನು ಆಯಾ ಅಣುರಾಶಿಗಳಾದ 79.9, 71.8 ಮತ್ತು 40.3ರಿಂದ ಭಾಗಿಸಿದರೆ ಕ್ರಮವಾಗಿ 0.926, 0.233 ಮತ್ತು 0.231 ಮೋಲ್ ಬರುತ್ತದೆ. ಟೈಟೇನಿಯಂ ಡೈ ಆಕ್ಸೈಡಿನಲ್ಲಿ ಎರಡು, ಉಳಿದೆರಡರಲ್ಲಿ ಒಂದೊಂದು ಆಕ್ಸಿಜನ್ ಇರುವುದರಿಂದ ಒಟ್ಟು ಆಕ್ಸಿಜನ್ 2.316 ಮೋಲ್. ಇದು 5 ಆಗುವಂತೆ ಎಲ್ಲವನ್ನೂ 2.16ರಿಂದ ಗುಣಿಸಿ. ಟೈಟೇನಿಯಂ 2.00, ಕಬ್ಬಿಣ 0.50, ಮೆಗ್ನೀಸಿಯಂ 0.50 ಎಂದು ಬರುತ್ತದೆ.

ಅಂದರೆ ಐದು ಆಕ್ಸಿಜನ್‌ಗೆ ಎರಡು ಟೈಟೇನಿಯಂ, ಮತ್ತು ಕಬ್ಬಿಣ-ಮೆಗ್ನೀಸಿಯಂ ಹಂಚಿಕೊಂಡ ಒಂದು ಸ್ಥಾನ. ವಿದ್ಯುದಾವೇಶ ಸರಿಹೊಂದುತ್ತದೆಯೇ ನೋಡಿ. ಎರಡು ಟೈಟೇನಿಯಂ ಅಯಾನುಗಳಿಂದ 8, ಕಬ್ಬಿಣ-ಮೆಗ್ನೀಸಿಯಂ ಸ್ಥಾನದಿಂದ 2, ಒಟ್ಟು 10 ಧನ ಆವೇಶ. ಐದು ಆಕ್ಸಿಜನ್ ಅಯಾನುಗಳಿಂದ 10 ಋಣ ಆವೇಶ. ಲೆಕ್ಕ ಸರಿಹೋಯಿತು. ಕಬ್ಬಿಣವೆಲ್ಲ ಎರಡು ಆವೇಶದ ರೂಪದಲ್ಲಿದೆ ಎಂದು ಭಾವಿಸಿದಾಗಲೇ ಇದು ಸರಿಹೋಯಿತು ಎಂಬುದನ್ನು ನೆನಪಿಡಿ. ಇದರ ಮಹತ್ವ ಮುಂದೆ ತಿಳಿಯುತ್ತದೆ.

ಮೂರನೆಯ ಸಾಕ್ಷ್ಯ: ಎಕ್ಸ್-ಕಿರಣ ವಿವರ್ತನೆ

ಸಂಯೋಜನೆ ತಿಳಿಯಿತು. ಆದರೆ ಸೀತಾಪಾರೈಟ್‌ನ ಪಾಠ ನೆನಪಿದೆಯಲ್ಲವೆ? ಇನ್ನೂ ಒಂದು ಸಂಶಯ ಉಳಿದಿದೆ. ಎರಡು ಖನಿಜಗಳು ಕಣ್ಣಿಗೆ ಕಾಣದಷ್ಟು ನಯವಾಗಿ ಬೆರೆತಿದ್ದರೂ ಮೈಕ್ರೋಪ್ರೋಬ್ ಅವುಗಳ ಸರಾಸರಿಯನ್ನು ಕೊಡುತ್ತದೆ. ಒಂದು ಪಾಲು ಇಲ್ಮನೈಟ್, ಒಂದು ಪಾಲು ರೂಟೈಲ್ ಸೇರಿಸಿ ನೋಡಿ. ಒಂದು ಕಬ್ಬಿಣ, ಎರಡು ಟೈಟೇನಿಯಂ, ಐದು ಆಕ್ಸಿಜನ್! ನಮ್ಮ ಖನಿಜದ ಕಬ್ಬಿಣದ ರೂಪಕ್ಕೂ ಇದೇ ಸೂತ್ರ. ಇದು ಒಂದೇ ಖನಿಜವೋ ಎರಡರ ಮಿಶ್ರಣವೋ ಎಂಬುದನ್ನು ರಾಸಾಯನಿಕ ವಿಶ್ಲೇಷಣೆ ಎಂದಿಗೂ ಹೇಳಲಾರದು. ರಚನೆಯೇ ಹೇಳಬೇಕು.

ಬ್ರ್ಯಾಗ್ ನಿಯಮ ನಿಮಗೆ ಪರಿಚಿತ. ಪರಮಾಣು ಪದರಗಳ ನಡುವಿನ ಅಂತರದ ಎರಡರಷ್ಟನ್ನು ಕೋನದ ಸೈನ್ ಬೆಲೆಯಿಂದ ಗುಣಿಸಿದಾಗ ಅದು ತರಂಗದೂರದ ಪೂರ್ಣಾಂಕ ಪಟ್ಟಾದರೆ ಮಾತ್ರ ಪ್ರಬಲವಾದ ವಿವರ್ತಿತ ಕಿರಣ ಸಿಗುತ್ತದೆ. ತಾಮ್ರದ ಗುರಿಯಿಂದ ಬರುವ 0.154 ನ್ಯಾನೋಮೀಟರ್ ತರಂಗದೂರದ ಎಕ್ಸ್-ಕಿರಣಗಳನ್ನು ಬಳಸಿದ್ದೇವೆ ಎನ್ನೋಣ. ಇಲ್ಮನೈಟ್‌ನ ಅತ್ಯಂತ ಪ್ರಬಲ ರೇಖೆಯನ್ನು ಕೊಡುವ ಪದರಗಳ ಅಂತರ 0.275 ನ್ಯಾನೋಮೀಟರ್. ಲೆಕ್ಕ ಹಾಕಿದರೆ ಕೋನ ಸುಮಾರು 16.3 ಡಿಗ್ರಿ. ನಮ್ಮ ತಿರುಳಿನ ಪ್ರಬಲ ರೇಖೆಗೆ ಕಾರಣವಾದ ಅಂತರ ಸುಮಾರು 0.349 ನ್ಯಾನೋಮೀಟರ್, ಅದರ ಕೋನ ಸುಮಾರು 12.7 ಡಿಗ್ರಿ. ಎರಡನ್ನೂ ಬೆರಳಚ್ಚಿನಂತೆ ಬೇರ್ಪಡಿಸಬಹುದು. ಮಿಶ್ರಣವಾಗಿದ್ದರೆ ಇಲ್ಮನೈಟ್ ಮತ್ತು ರೂಟೈಲ್ ಎರಡರ ರೇಖೆಗಳೂ ಕಾಣಬೇಕಿತ್ತು.

ರೇಖೆಗಳೆಲ್ಲವನ್ನೂ ಹೊಂದಿಸಿದಾಗ ಆರ್ಥೊರಾಂಬಿಕ್ ಹರಳು, ಅಂದರೆ ಪರಸ್ಪರ ಲಂಬವಾದ, ಅಳತೆಯಲ್ಲಿ ಬೇರೆ ಬೇರೆಯಾದ ಮೂರು ಅಕ್ಷಗಳುಳ್ಳ ಏಕಕ ಕೋಶ ದೊರೆಯಿತು. ಅದರ ಅಂಚುಗಳು ಸುಮಾರು 0.974, 1.002 ಮತ್ತು 0.374 ನ್ಯಾನೋಮೀಟರ್. ಇಲ್ಮನೈಟ್‌ನದು ಟ್ರೈಗೋನಲ್, ರೂಟೈಲ್‌ನದು ಟೆಟ್ರಾಗೋನಲ್. ಹೀಗಾಗಿ ಇದು ಅವೆರಡೂ ಅಲ್ಲ, ಅವುಗಳ ಮಿಶ್ರಣವೂ ಅಲ್ಲ ಎಂಬುದು ಖಚಿತವಾಯಿತು.

ಈ ಅಳತೆಗಳಿಂದ ಇನ್ನೊಂದು ಲಾಭವಿದೆ. ಇಷ್ಟು ಚಿಕ್ಕ ಕಣವನ್ನು ನೀರಿನಲ್ಲಿ ಮುಳುಗಿಸಿ ಸಾಂದ್ರತೆ ಅಳೆಯುವುದು ಅಸಾಧ್ಯ. ಆದರೆ ಲೆಕ್ಕದಿಂದ ಪಡೆಯಬಹುದು. ಮೂರು ಅಂಚುಗಳನ್ನು ಗುಣಿಸಿದರೆ ಕೋಶದ ಗಾತ್ರ 0.365 ಘನ ನ್ಯಾನೋಮೀಟರ್. ಒಂದು ಕೋಶದಲ್ಲಿ ನಾಲ್ಕು ಸೂತ್ರ ಘಟಕಗಳಿವೆ. ಒಂದು ಘಟಕದ ರಾಶಿ 215.8 ಪರಮಾಣು ರಾಶಿಮಾನ, ನಾಲ್ಕಕ್ಕೆ 863.2. ಒಂದು ರಾಶಿಮಾನ ಎಂದರೆ 1.66 × 10⁻²⁴ ಗ್ರಾಂ, ಆದ್ದರಿಂದ ಕೋಶದ ರಾಶಿ 1.433 × 10⁻²¹ ಗ್ರಾಂ. ಒಂದು ಘನ ನ್ಯಾನೋಮೀಟರ್ ಎಂದರೆ 10⁻²¹ ಘನ ಸೆಂಟಿಮೀಟರ್. ಭಾಗಿಸಿದರೆ ಆದರ್ಶ ಸಂಯೋಜನೆಗೆ ಸಾಂದ್ರತೆ ಘನ ಸೆಂಟಿಮೀಟರಿಗೆ 3.93 ಗ್ರಾಂ. ಅವೊಗಾಡ್ರೊ ಸಂಖ್ಯೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇಕೆ?

ಹೊಸದು ಹೌದು, ಅಪರಿಚಿತವಲ್ಲ

ಈ ರಚನೆ ವಿಜ್ಞಾನಿಗಳಿಗೆ ಅಪರಿಚಿತವಾಗಿರಲಿಲ್ಲ. ಇಂದಿನ ರೊಮೇನಿಯಾದ ಟ್ರಾನ್ಸಿಲ್ವೇನಿಯಾದಿಂದ 1878ರಲ್ಲಿ ವರದಿಯಾದ ಸ್ಯೂಡೊಬ್ರೂಕೈಟ್ ಎಂಬ ಖನಿಜದ್ದೂ ಇದೇ ರಚನೆ. ಅದನ್ನು ಲೈನಸ್ ಪಾಲಿಂಗ್ 1930ರಲ್ಲಿ ಬಿಡಿಸಿ ತೋರಿಸಿದ್ದರು. ಪ್ರತಿಯೊಂದು ಲೋಹ ಅಯಾನಿನ ಸುತ್ತ ಆರು ಆಕ್ಸಿಜನ್‌ಗಳು ಅಷ್ಟಮುಖಿಯ ಮೂಲೆಗಳಲ್ಲಿ ನಿಂತಿರುತ್ತವೆ. ಈ ಅಷ್ಟಮುಖಿಗಳು ಪರಸ್ಪರ ಅಂಚು ಹಂಚಿಕೊಂಡು ಜೋಡಣೆಯಾಗಿರುತ್ತವೆ.

ಹಾಗಾದರೆ ವ್ಯತ್ಯಾಸವೆಲ್ಲಿ? ಸ್ಯೂಡೊಬ್ರೂಕೈಟ್‌ನಲ್ಲಿ ಐದು ಆಕ್ಸಿಜನ್‌ಗೆ ಎರಡು ಕಬ್ಬಿಣ, ಒಂದು ಟೈಟೇನಿಯಂ. ಅಲ್ಲಿನ ಕಬ್ಬಿಣ ಮೂರು ಆವೇಶದ ಫೆರಿಕ್ ರೂಪದ್ದು. ಚಂದ್ರನ ಖನಿಜದಲ್ಲಿ ಟೈಟೇನಿಯಂ ಎರಡು, ಕಬ್ಬಿಣ ಎರಡು ಆವೇಶದ ಫೆರಸ್ ರೂಪದ್ದು, ಜೊತೆಗೆ ಮೆಗ್ನೀಸಿಯಂ. ರಚನೆ ಒಂದೇ, ಸಂಯೋಜನೆ ಬೇರೆ. ಪೂರ್ತಿ ಕಬ್ಬಿಣದ ಹಾಗೂ ಪೂರ್ತಿ ಮೆಗ್ನೀಸಿಯಂನ ರೂಪಗಳನ್ನು ಪ್ರಯೋಗಾಲಯದಲ್ಲಿ ಮೊದಲೇ ತಯಾರಿಸಲಾಗಿತ್ತು. ಆದರೆ ಕುಲುಮೆಯಲ್ಲಿ ಮಾಡಿದ ವಸ್ತುವನ್ನು ಖನಿಜವೆಂದು ಎಣಿಸುವುದಿಲ್ಲ. ಮನುಷ್ಯನ ಕೈವಾಡವಿಲ್ಲದೆ ನಿಸರ್ಗದಲ್ಲಿ ಉಂಟಾದುದಕ್ಕೆ ಮಾತ್ರ ಆ ಗೌರವ.

ಹೆಸರು ಮತ್ತು ಒಪ್ಪಿಗೆ

ಈ ಖನಿಜವನ್ನು ಒಬ್ಬರಲ್ಲ, ಹಲವು ಗುಂಪುಗಳು ತಮ್ಮ ತಮ್ಮ ಪಾಲಿನ ಕಲ್ಲಿನಲ್ಲಿ ಸ್ವತಂತ್ರವಾಗಿ ಕಂಡಿದ್ದವು. ಪ್ರತಿಯೊಬ್ಬರೂ ಒಂದೊಂದು ಹೆಸರಿಟ್ಟಿದ್ದರೆ ಗೊಂದಲವಾಗುತ್ತಿತ್ತು. ಅವರು ಒಟ್ಟುಗೂಡಿ 1970ರಲ್ಲಿ ಒಂದೇ ಪ್ರಬಂಧ ಬರೆದರು. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ಆರ್ಮಾಲ್ಕೊಲೈಟ್ ಎಂದು ಕರೆದರು.

ಹೆಸರಿಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಂತರರಾಷ್ಟ್ರೀಯ ಖನಿಜವೈಜ್ಞಾನಿಕ ಸಂಘವು ಹೊಸ ಖನಿಜಗಳ ಪರಿಶೀಲನೆಗೆಂದೇ 1959ರಲ್ಲಿ ಒಂದು ಆಯೋಗ ರಚಿಸಿತು. ಹೊಸ ಪ್ರಭೇದ ಕಂಡೆನೆನ್ನುವವರು ಸಂಯೋಜನೆ, ಏಕಕ ಕೋಶ, ವಿವರ್ತನೆಯ ಅಂಕಿಗಳು, ಬೆಳಕಿನ ಗುಣಗಳು, ಸಿಕ್ಕ ಸ್ಥಳ, ಜೊತೆಗಿದ್ದ ಖನಿಜಗಳು ಇವೆಲ್ಲವನ್ನೂ ಅದರ ಮುಂದಿಡಬೇಕು. ಬೇರೆ ಬೇರೆ ದೇಶಗಳ ಸದಸ್ಯರು ಪರಿಶೀಲಿಸಿ ಮತ ಹಾಕುತ್ತಾರೆ. ತನ್ನ ಹೆಸರನ್ನೇ ತಾನು ಕಂಡ ಖನಿಜಕ್ಕೆ ಇಡುವಂತಿಲ್ಲ. ಮೂಲ ಮಾದರಿಯನ್ನು ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ಇಡಬೇಕು. ಮುಂದೆ ಯಾರಿಗಾದರೂ ಅನುಮಾನ ಬಂದರೆ ಅದೇ ಕಣವನ್ನು ಮತ್ತೆ ಪರೀಕ್ಷಿಸಲು ಸಾಧ್ಯವಾಗಲಿ ಎಂಬುದು ಇದರ ಉದ್ದೇಶ. ಹೀಗೆ ಒಪ್ಪಿಗೆ ಪಡೆದ ಖನಿಜಗಳ ಸಂಖ್ಯೆ ಇಂದು ಸುಮಾರು 6000.

ಖನಿಜ ಹೇಳುವ ಸಾಕ್ಷಿ

ಇಷ್ಟೆಲ್ಲ ಶ್ರಮಪಟ್ಟು ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಏನು ಬಂತು ಎಂದು ನೀವು ಕೇಳಬಹುದು. ಗುರುತು ಖಚಿತವಾದ ಖನಿಜ ತಾನು ಹುಟ್ಟಿದ ಜಾಗದ ಬಗ್ಗೆ ಸಾಕ್ಷಿ ಹೇಳುತ್ತದೆ. ಆರ್ಮಾಲ್ಕೊಲೈಟ್ ಕೊಟ್ಟ ಮೂರು ಸಾಕ್ಷಿಗಳನ್ನು ನೋಡಿ.

ಮೊದಲನೆಯದು ಉಷ್ಣತೆ. ಕಬ್ಬಿಣ ಮಾತ್ರವಿರುವ ರೂಪವು ಸುಮಾರು 1140 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸ್ಥಿರವಲ್ಲ, ಇಲ್ಮನೈಟ್ ಮತ್ತು ರೂಟೈಲ್ ಆಗಿ ಒಡೆಯುತ್ತದೆ. ಮೆಗ್ನೀಸಿಯಂ ಸೇರಿದಂತೆ ಈ ಮಿತಿ ಕೆಳಗಿಳಿಯುತ್ತದೆ. ಎರಡೂ ಸಮನಾಗಿದ್ದಾಗ ಅದು ಸುಮಾರು 1000 ಡಿಗ್ರಿ. ಹೀಗಿರುವಾಗ ಆರ್ಮಾಲ್ಕೊಲೈಟ್ 350 ಕೋಟಿ ವರ್ಷಗಳಿಂದ ಹೇಗೆ ಉಳಿಯಿತು? ಲಾವಾ ಬೇಗನೆ ತಣಿದದ್ದರಿಂದ ಪರಮಾಣುಗಳಿಗೆ ಜಾಗ ಬದಲಿಸಲು ಸಮಯ ಸಿಗಲಿಲ್ಲ. ಸುತ್ತಲಿನ ಇಲ್ಮನೈಟ್ ಸಿಪ್ಪೆಯೂ ಇದನ್ನೇ ಹೇಳುತ್ತದೆ. ತಣಿಯುತ್ತಿದ್ದ ಶಿಲಾಪಾಕದೊಡನೆ ಆರ್ಮಾಲ್ಕೊಲೈಟ್ ವರ್ತಿಸಿ ಇಲ್ಮನೈಟ್ ಆಗತೊಡಗಿತು. ತಿರುಳು ಪೂರ್ತಿ ಬದಲಾಗುವ ಮೊದಲೇ ಎಲ್ಲವೂ ಗಟ್ಟಿಯಾಯಿತು.

ಎರಡನೆಯದು ಒತ್ತಡ. ಏಕಕ ಕೋಶಗಳ ಗಾತ್ರದಿಂದ ಲೆಕ್ಕ ಹಾಕಿದರೆ ಒಡೆದು ಬರುವ ಇಲ್ಮನೈಟ್ ಮತ್ತು ರೂಟೈಲ್ ಒಟ್ಟಾಗಿ ಆರ್ಮಾಲ್ಕೊಲೈಟ್‌ಗಿಂತ ಸುಮಾರು ಪ್ರತಿಶತ 9ರಷ್ಟು ಕಡಿಮೆ ಜಾಗ ಹಿಡಿಯುತ್ತವೆ. ಒತ್ತಡ ಹೆಚ್ಚಿದಾಗ ಕಡಿಮೆ ಜಾಗ ಹಿಡಿಯುವ ವಸ್ತುವಿಗೆ ಅನುಕೂಲ. ಆದ್ದರಿಂದ ಈ ಕಣಗಳು ಹೆಚ್ಚು ಆಳದಲ್ಲಲ್ಲ, ಮೇಲ್ಮೈಗೆ ಹತ್ತಿರದಲ್ಲಿ ಬೆಳೆದವು ಎಂದು ತಿಳಿಯಬಹುದು. ಹಾಗಾದರೆ ಹೆಚ್ಚಿನ ಉಷ್ಣತೆಯಲ್ಲಿ ಈ ಸಡಿಲ ರಚನೆ ಗೆಲ್ಲುವುದೇಕೆ? ಅದರ ಸ್ಥಾನಗಳಲ್ಲಿ ಲೋಹ ಅಯಾನುಗಳು ಒಂದಿಷ್ಟು ಅಸ್ತವ್ಯಸ್ತವಾಗಿ ಹಂಚಿಹೋಗಬಹುದು. ಉಷ್ಣತೆ ಏರಿದಂತೆ ಈ ಅವ್ಯವಸ್ಥೆಗೆ, ಅಂದರೆ ಎಂಟ್ರೊಪಿಗೆ, ಹೆಚ್ಚು ಬೆಲೆ ಬರುತ್ತದೆ.

ಮೂರನೆಯದು ಆಕ್ಸಿಜನ್. ಸೂತ್ರ ಸರಿಹೋಗಲು ಕಬ್ಬಿಣ ಫೆರಸ್ ರೂಪದಲ್ಲಿಯೇ ಇರಬೇಕೆಂದು ಕಂಡೆವಲ್ಲ? ಭೂಮಿಯ ಲಾವಾಗಳಲ್ಲಿ ಆಕ್ಸಿಜನ್ ಸಾಕಷ್ಟಿರುವುದರಿಂದ ಕಬ್ಬಿಣದ ಒಂದು ಪಾಲು ಫೆರಿಕ್ ಆಗುತ್ತದೆ. ಚಂದ್ರನ ಲಾವಾದಲ್ಲಿ ಹಾಗಾಗಲಿಲ್ಲ. ಅದೇ ಕಲ್ಲುಗಳಲ್ಲಿ ಲೋಹರೂಪದ ಕಬ್ಬಿಣದ ಸಣ್ಣ ಕಣಗಳೂ ಸಿಕ್ಕಿವೆ. ಚಂದ್ರನ ಒಡಲಿನ ಶಿಲಾಪಾಕ ಆಕ್ಸಿಜನ್ನಿಗೆ ಎಷ್ಟು ಬಡವಾಗಿತ್ತು ಎಂಬುದಕ್ಕೆ ಇವೆರಡೂ ಒಂದನ್ನೊಂದು ಸಮರ್ಥಿಸುವ ಪುರಾವೆಗಳು.

ಹುಟ್ಟಿನ ಈ ಷರತ್ತುಗಳು ತಿಳಿದ ಮೇಲೆ ಭೂಮಿಯಲ್ಲಿ ಎಲ್ಲಿ ಹುಡುಕಬೇಕೆಂಬುದೂ ತಿಳಿಯಿತು. 1970ರ ದಶಕದಲ್ಲಿ ಅಮೆರಿಕದ ಮೊಂಟಾನಾದ ಸ್ಮೋಕಿ ಬ್ಯೂಟ್ ಎಂಬಲ್ಲಿಯ ಜ್ವಾಲಾಮುಖಿ ಶಿಲೆಗಳಲ್ಲಿ ಆರ್ಮಾಲ್ಕೊಲೈಟ್ ಸಿಕ್ಕಿತು. ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳ ಕಿಂಬರ್ಲೈಟ್ ಶಿಲೆಗಳಿಂದಲೂ ವರದಿಯಾಯಿತು. ಅಪೊಲೊ 11ರ ಕಲ್ಲುಗಳಲ್ಲಿಯೇ ಮೊದಲು ಕಂಡ ಟ್ರ್ಯಾಂಕ್ವಿಲಿಟೈಟ್ ಎಂಬ ಸಿಲಿಕೇಟ್ ಖನಿಜ ಭೂಮಿಯಲ್ಲಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ಸಿಕ್ಕಿದ್ದು ವರದಿಯಾಗಲು 2012ರವರೆಗೆ ಕಾಯಬೇಕಾಯಿತು.

ಮುಂದಿನ ಕಣ ನಮ್ಮ ಕೈಗೆ ಬಂದಾಗ

2023ರ ಆಗಸ್ಟ್‌ನಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಚಂದ್ರನ ದಕ್ಷಿಣ ಧ್ರುವದ ಕಡೆಯ ಮಣ್ಣಿನಲ್ಲಿ ಗಂಧಕ, ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ, ಕ್ರೋಮಿಯಂ, ಟೈಟೇನಿಯಂ ಮೊದಲಾದ ಧಾತುಗಳನ್ನು ಗುರುತಿಸಿದ ಸುದ್ದಿಯನ್ನು ನೀವೆಲ್ಲ ಓದಿದ್ದೀರಿ. ಅದು ದೊಡ್ಡ ಸಾಧನೆ. ಆದರೆ ಈ ಲೇಖನ ಓದಿದ ವಿದ್ಯಾರ್ಥಿ ಮುಂದಿನ ಪ್ರಶ್ನೆ ಕೇಳಬೇಕು: ಧಾತುಗಳೇನೋ ತಿಳಿದವು, ಅವು ಯಾವ ಖನಿಜಗಳಲ್ಲಿವೆ? ಟೈಟೇನಿಯಂ ಇದೆ ಎಂದಮಾತ್ರಕ್ಕೆ ಅದು ಇಲ್ಮನೈಟ್‌ನಲ್ಲಿದೆಯೋ ರೂಟೈಲ್‌ನಲ್ಲಿದೆಯೋ ಆರ್ಮಾಲ್ಕೊಲೈಟ್‌ನಲ್ಲಿದೆಯೋ ಹೇಳಲಾಗದು. ಅದಕ್ಕೆ ರಚನೆ ತಿಳಿಯಬೇಕು, ರಚನೆ ಖಚಿತವಾಗಲು ಕಣವೇ ಕೈಗೆ ಬರಬೇಕು. ಚಂದ್ರನ ಮಾದರಿಯನ್ನು ಭೂಮಿಗೆ ತರುವ ಚಂದ್ರಯಾನ-4 ಯೋಜನೆಗೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದೆ. ಆ ಮಾದರಿ ಬಂದಾಗ ಅದರ ಮುಂದೆ ಕೂರುವವರು ಇಂದು ನಿಮ್ಮ ತರಗತಿಯಲ್ಲಿರಬಹುದು.

ಸಾಧನಗಳು ಇಂದು ಬಹಳ ಮುಂದುವರಿದಿವೆ. ಮೈಕ್ರೋಮೀಟರಿಗಿಂತ ಚಿಕ್ಕ ಕಣದ ರಚನೆಯನ್ನೂ ಎಲೆಕ್ಟ್ರಾನ್ ವಿವರ್ತನೆಯಿಂದ ತಿಳಿಯಬಹುದು. 1928ರಲ್ಲಿ ಸಿ. ವಿ. ರಾಮನ್ ಪ್ರಕಟಿಸಿದ ಪರಿಣಾಮವೇ ಇಂದು ಖನಿಜಗಳನ್ನು ಗುರುತಿಸುವ ದಿನನಿತ್ಯದ ಉಪಾಯವಾಗಿದೆ. ರಾಮನ್ ಅವರು ಪ್ರೀತಿಯಿಂದ ಕೂಡಿಸಿದ ಖನಿಜ ಮತ್ತು ಹರಳುಗಳ ಸಂಗ್ರಹ ಬೆಂಗಳೂರಿನ ಅವರ ಸಂಸ್ಥೆಯಲ್ಲಿದೆ. ಸಾಧನ ಬದಲಾದರೂ ತರ್ಕ ಬದಲಾಗಿಲ್ಲ. ಏನಿದೆ, ಹೇಗೆ ಜೋಡಣೆಯಾಗಿದೆ ಎಂಬ ಎರಡು ಪ್ರಶ್ನೆಗಳಿಗೆ ಒಂದನ್ನೊಂದು ಅವಲಂಬಿಸದ ಅಳತೆಗಳಿಂದ ಉತ್ತರ ಪಡೆಯಬೇಕು. ಆ ಉತ್ತರಗಳು ಪರಸ್ಪರ ಹೊಂದಬೇಕು. ಬೇರೆಯವರು ಮತ್ತೆ ಪರೀಕ್ಷಿಸಲು ಸಾಧ್ಯವಿರಬೇಕು.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ವಿದ್ಯಾರ್ಥಿ ಕಪ್ಪು ಕಲ್ಲು ತಂದಾಗ ಕೂಡಲೇ ಹೆಸರು ಹೇಳಿ ಕಳುಹಿಸಬೇಡಿ. ಎಲ್ಲಿ ಸಿಕ್ಕಿತು, ಜೊತೆಗೆ ಯಾವ ಕಲ್ಲುಗಳಿದ್ದವು ಎಂದು ಬರೆಯಿಸಿ. ಗೆರೆಯ ಬಣ್ಣ ನೋಡಿಸಿ, ಅಯಸ್ಕಾಂತ ಹಿಡಿಸಿ, ಗಾಳಿಯಲ್ಲಿ ಮತ್ತು ನೀರಿನಲ್ಲಿ ತೂಗಿಸಿ ಸಾಂದ್ರತೆ ಕಂಡುಹಿಡಿಯಲು ಹೇಳಿ. ಕಲ್ಲಿಗೊಂದು ಚೀಟಿ ಅಂಟಿಸಿ ಕಪಾಟಿನಲ್ಲಿಡಿ. ಕಲ್ಲು ಹೆಮಟೈಟ್ ಎಂದೇ ಗೊತ್ತಾದರೂ ಚಿಂತೆಯಿಲ್ಲ. ಒಂದು ಮಾತನ್ನು ಸಾಬೀತುಪಡಿಸುವುದೆಂದರೆ ಏನೆಂದು ಆ ವಿದ್ಯಾರ್ಥಿ ಅಷ್ಟರಲ್ಲಿ ಕಲಿತಿರುತ್ತಾನೆ, ಕಲಿತಿರುತ್ತಾಳೆ.